ಅಲೈನ್‌ಮೆಂಟ್ ಆದ ಮೇಲೂ ಸ್ಟೇರಿಂಗ್ ಓರೆಯಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಹೊರಬಿದ್ದ ಕಾರು ನೇರವಾಗಿ ಓಡುತ್ತಿದೆ, ಸ್ಟೇರಿಂಗ್ ಮಾತ್ರ ಎಡಕ್ಕೋ ಬಲಕ್ಕೋ ವಾಲಿಕೊಂಡಿದೆ ಎಂದರೆ ಅಲೈನ್‌ಮೆಂಟ್ ಇನ್ನೂ ಮುಗಿದಿಲ್ಲ. ಕೈಗೆ ಕೊಟ್ಟ ಪ್ರಿಂಟ್‌ನಲ್ಲಿ ಎಲ್ಲ ಅಂಕಿಗಳೂ ಹಸಿರಾಗಿದ್ದರೂ ಮುಗಿದಿಲ್ಲ. ‘ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಸರ್’ ಎಂಬ ಮಾತನ್ನು ಒಪ್ಪಬೇಡಿ. ಸ್ಟೇರಿಂಗ್‌ನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್‌ನ ಉದ್ದ ತಾನಾಗಿ ಬದಲಾಗುವಂಥದ್ದಲ್ಲ. ಅದು ಬದಲಾಗುತ್ತಿದ್ದರೆ ಓರೆ ಸ್ಟೇರಿಂಗ್‌ಗಿಂತ ದೊಡ್ಡ ಅಪಾಯ ಕಾದಿದೆ.

ಎಲ್ಲಕ್ಕಿಂತ ಮೊದಲು ಒಂದು ಖಡಾಖಂಡಿತ ನಿಷೇಧ. ಸ್ಟೇರಿಂಗ್ ಬಿಚ್ಚಿ, ಒಂದು ಹಲ್ಲು ಆಚೀಚೆ ಮಾಡಿ ಕೂರಿಸಲು ಯಾರಿಗೂ ಬಿಡಬೇಡಿ. ಐದು ನಿಮಿಷದ ಕೆಲಸ, ಕಣ್ಣಿಗೆ ನೇರ ಕಾಣುತ್ತದೆ, ಗಿರಾಕಿ ಖುಷಿಯಿಂದ ಹೋಗುತ್ತಾನೆ. ಅದಕ್ಕೇ ಇದು ಇಷ್ಟು ಚಾಲ್ತಿಯಲ್ಲಿದೆ. 2019ರ ಜುಲೈಯಿಂದ ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದಿರುವುದು ಸ್ಟೇರಿಂಗ್‌ನ ನಡುಮಧ್ಯದಲ್ಲಿ. ಬ್ಯಾಟರಿ ಕಳಚದೆ, ಕಂಪನಿ ಹೇಳಿದಷ್ಟು ಹೊತ್ತು ಕಾಯದೆ ಅದಕ್ಕೆ ಕೈಹಾಕುವುದು ಅಪಾಯ. ಏರ್‌ಬ್ಯಾಗ್‌ಗೂ ಹಾರ್ನ್‌ಗೂ ವಿದ್ಯುತ್ ಒಯ್ಯುವ ಸುರುಳಿ ಪಟ್ಟಿ, ಅಂದರೆ ಕ್ಲಾಕ್ ಸ್ಪ್ರಿಂಗ್, ಸ್ಟೇರಿಂಗ್‌ನ ಹಿಂದೆಯೇ ಇದೆ. ಅದು ನಡು ತಪ್ಪಿ ಕೂತರೆ ಯಾವುದೋ ಒಂದು ಪೂರ್ತಿ ತಿರುವಿನಲ್ಲಿ ಹರಿದುಹೋಗುತ್ತದೆ. ಆಮೇಲೆ ಅಪಘಾತವಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ ಎಂದು ನಂಬುವಂತಿಲ್ಲ.

ಅಷ್ಟು ಅಪಾಯ ತೆಗೆದುಕೊಂಡರೂ ಕಾಯಿಲೆ ಹಾಗೇ ಉಳಿಯುತ್ತದೆ. ಕೆಳಗೆ ಸ್ಟೇರಿಂಗ್ ರ‍್ಯಾಕ್ ನಡುವಿನಿಂದ ಸರಿದೇ ಇರುತ್ತದೆ, ಆದ್ದರಿಂದ ಒಂದು ಕಡೆಗೆ ಹೆಚ್ಚು ತಿರುಗಿ ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ. ಕೋನ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಲೆಕ್ಕ ತಪ್ಪಿ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಬಹುದು. ಅಲ್ಲದೆ ಒಂದು ಹಲ್ಲು ಎಂದರೆ ಹಲವು ಡಿಗ್ರಿ. ಮೂರು ಡಿಗ್ರಿಯ ಓರೆ, ಹಲ್ಲು ಬದಲಿಸಿದರೆ ಇನ್ನೊಂದು ಕಡೆಯ ಓರೆಯಾಗುತ್ತದೆ, ಅಷ್ಟೆ. ಈ ನಿಷೇಧಕ್ಕೆ ಅಪವಾದ ಒಂದೇ: ಹಿಂದೆ ಯಾರೋ ಸ್ಟೇರಿಂಗ್ ಕಳಚಿ ಗುರುತು ತಪ್ಪಿಸಿ ಕೂರಿಸಿದ್ದರೆ, ಅದನ್ನು ಏರ್‌ಬ್ಯಾಗ್ ಕೆಲಸ ಬಲ್ಲವರಿಂದ ಮೂಲ ಗುರುತಿಗೆ ತರಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಮೊದಲು ತೊಂದರೆ ಯಾವುದೆಂದು ಗುರುತಿಸಿ. ಸ್ಟೇರಿಂಗ್ ಓರೆ ಇರುವುದು ಬೇರೆ, ಕಾರು ಒಂದು ಕಡೆಗೆ ಎಳೆಯುವುದು ಬೇರೆ. ನಾಲ್ಕೂ ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ನೋಡಿ, ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟಕ್ಕೆ ತನ್ನಿ. ಮಟ್ಟಸವಾದ, ವಾಹನ ಸಂಚಾರ ಕಡಿಮೆಯಿರುವ ರಸ್ತೆಗೆ ಹೋಗಿ. ನೀರು ಹರಿದುಹೋಗಲೆಂದು ನಮ್ಮ ರಸ್ತೆಗಳ ಎಡ ಅಂಚನ್ನು ಇಳಿಜಾರು ಮಾಡಿರುತ್ತಾರೆ; ಅಲ್ಲಿ ಒಳ್ಳೆಯ ಕಾರೂ ಸ್ವಲ್ಪ ಎಡಕ್ಕೆ ಜಾರುತ್ತದೆ, ನೀವು ಸ್ಟೇರಿಂಗನ್ನು ಕೂದಲೆಳೆಯಷ್ಟು ಬಲಕ್ಕೆ ಹಿಡಿದೇ ಇರುತ್ತೀರಿ. ಆ ಓರೆಗೆ ಅಲೈನ್‌ಮೆಂಟ್‌ನವರನ್ನು ದೂರಬಾರದು. ಕಾರು ನೇರ ಓಡುತ್ತಿರುವಾಗ ಸ್ಟೇರಿಂಗ್ ನಿಂತ ಭಂಗಿಯನ್ನು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಓಡಿಸುವವರು ಫೋಟೊ ತೆಗೆಯಕೂಡದು. ಎರಡೂ ಕೈ ಬಿಟ್ಟು ಪರೀಕ್ಷೆ ಮಾಡಲೂ ಕೂಡದು.

ಸಡಿಲ ಹಿಡಿತದಲ್ಲಿ ಕಾರು ತಾನೇ ಒಂದು ಪಕ್ಕಕ್ಕೆ ಹೋಗುತ್ತಿದ್ದರೆ ಟೈ ರಾಡ್ ಮುಟ್ಟಿಸಬೇಡಿ. ಅದು ಟೈರ್‌ನ ದೋಷವಿರಬಹುದು, ಹಿಡಿದುಕೊಂಡ ಬ್ರೇಕ್ ಇರಬಹುದು, ಎಡಬಲದ ಕ್ಯಾಂಬರ್ ಅಥವಾ ಕ್ಯಾಸ್ಟರ್ ಕೋನಗಳ ವ್ಯತ್ಯಾಸವಿರಬಹುದು. ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿಸಿ ನೋಡಿ (ಒಂದೇ ದಿಕ್ಕಿಗೆ ಉರುಳಬೇಕಾದ ಬಾಣದ ಗುರುತಿನ ಟೈರಾದರೆ ಬೇಡ). ಎಳೆತದ ದಿಕ್ಕೂ ಬದಲಾದರೆ ತಪ್ಪು ಟೈರಿನದ್ದು.

ಈಗ ಅಲೈನ್‌ಮೆಂಟ್ ಲಿಫ್ಟ್‌ನ ಮೇಲಿನ ಕೆಲಸ. ಇಲ್ಲಿ ಮಾಲೀಕರು ಪಕ್ಕದಲ್ಲಿ ನಿಂತು ನೋಡಬೇಕು. ಕೆಲಸದ ಹುಡುಗನ ಮೇಲೆ ರೇಗಬೇಡಿ, ಅವಸರ ಮಾಡಬೇಡಿ; ಹಿಂದೆ ಇನ್ನೂ ನಾಲ್ಕು ಕಾರು ಸಾಲಿನಲ್ಲಿವೆ ಎಂಬ ಒತ್ತಡ ಅವನಿಗೆ ಮೊದಲೇ ಇದೆ.

ಅಳೆಯುವ ಮೊದಲು ಕೀಲುಗಳ ಆಟ, ಅಂದರೆ ಸಡಿಲ, ನೋಡಿಸಿ. ಎತ್ತಿದ ಚಕ್ರವನ್ನು ಎಡಬಲ ಹಿಡಿದು ಅಲುಗಾಡಿಸಿದರೆ ಟೈ ರಾಡ್ ಎಂಡ್ ಸವೆದದ್ದು, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದದ್ದು ಕೈಗೆ ಗೊತ್ತಾಗುತ್ತದೆ. ಸವೆದ ಭಾಗ ಬದಲಿಸದೆ ಅಲೈನ್‌ಮೆಂಟ್‌ಗೆ ಹಣ ಕೊಡಬೇಡಿ. ಮೊದಲ ಹಂಪ್ ದಾಟುವಷ್ಟರಲ್ಲಿ ಅಂಕಿಗಳು ಮತ್ತೆ ಸರಿದಿರುತ್ತವೆ.

ಸ್ಟೇರಿಂಗನ್ನು ನೇರ ನಿಲ್ಲಿಸಿ, ಕಂಬಿ ಕೊಟ್ಟು ಬಿಗಿದ ಮೇಲೆಯೇ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸರಿಪಡಿಸಬೇಕು. ಎಂಜಿನ್ ಚಾಲೂ ಇರಲಿ, ಪವರ್ ಸ್ಟೇರಿಂಗ್ ಕೆಲಸ ಮಾಡುತ್ತಿರಲಿ. ಸ್ಟೇರಿಂಗನ್ನು ಎಡಬಲ ಒಂದೆರಡು ಸಲ ಆಡಿಸಿ ನಡುವಿಗೆ ತಂದು, ಸೀಟಿಗೂ ಸ್ಟೇರಿಂಗ್‌ಗೂ ನಡುವೆ ಹೋಲ್ಡರ್ ಕಂಬಿ ಕೊಡಬೇಕು. ಕೀ ತೆಗೆದಾಗ ಬೀಳುವ ಲಾಕನ್ನೇ ನಂಬಿ ಕೆಲಸ ಶುರುಮಾಡಿದರೆ ತಡೆಯಿರಿ: ಆ ಲಾಕ್ ಸಿಕ್ಕಿದಲ್ಲಿ ಬೀಳುತ್ತದೆ, ನಡುವಿನಲ್ಲೇ ಬೀಳುವುದಿಲ್ಲ. ಓರೆಯಾಗಿ ಬರುವ ಬಹಳಷ್ಟು ಸ್ಟೇರಿಂಗ್‌ಗಳ ಕಥೆ ಇಲ್ಲೇ ಆರಂಭವಾಗುತ್ತದೆ.

ಉಳಿದ ಕಥೆ ಟೈ ರಾಡನ್ನು ಬಿಗಿದಿಡುವ, ತುಕ್ಕು ಹಿಡಿದ ಲಾಕ್ ನಟ್‌ನದು. ಒಂದು ಕಡೆಯ ನಟ್ ಬಿಚ್ಚಲು ಬರಲಿಲ್ಲವೆಂದು, ಬಿಚ್ಚಲು ಬಂದ ಕಡೆಯ ಟೈ ರಾಡ್ ಒಂದನ್ನೇ ತಿರುಗಿಸಿ ಒಟ್ಟು ಟೋ ಸರಿ ಬರಿಸುತ್ತಾರೆ. ಲೆಕ್ಕ ನೋಡಿ: ಸ್ಟೇರಿಂಗ್ ಸುಮಾರು 16 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ತಿರುಗುವ ಕಾರು ಎಂದುಕೊಳ್ಳೋಣ. ಎಡ ಚಕ್ರ ಒಂದನ್ನೇ 1 ಡಿಗ್ರಿ ಸರಿಸಿದ್ದಾರೆ. ರಸ್ತೆಯಲ್ಲಿ ನೇರ ಓಡುವಾಗ ಎರಡೂ ಚಕ್ರಗಳು ಆ ವ್ಯತ್ಯಾಸವನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ, ಅರ್ಧ ಡಿಗ್ರಿಗೆ ಸ್ಟೇರಿಂಗ್ 8 ಡಿಗ್ರಿ ವಾಲುತ್ತದೆ. ಸ್ಟೇರಿಂಗ್‌ನ ಅಂಚಿನಲ್ಲಿ ಅದು ಎರಡೂವರೆ ಸೆಂಟಿಮೀಟರ್. ಒಟ್ಟು ಟೋ ಸರಿಯಿರುವುದರಿಂದ ಟೈರ್ ಸವೆಯುವುದಿಲ್ಲ, ಪ್ರಿಂಟ್‌ನಲ್ಲೂ ಆ ಸಾಲು ಹಸಿರೇ. ಆದ್ದರಿಂದ ಒಟ್ಟು ಟೋ ಒಂದನ್ನೇ ನೋಡಬೇಡಿ. ಎಡ ಟೋ, ಬಲ ಟೋ ಎರಡನ್ನೂ ಬೇರೆಬೇರೆಯಾಗಿ ಓದಿ. ಸ್ಟೇರಿಂಗ್ ಬಿಗಿದಿರುವಾಗ ಎರಡೂ ಒಂದೇ ಇರಬೇಕು. ತುಕ್ಕು ಹಿಡಿದ ನಟ್‌ಗೆ ಎಣ್ಣೆ ಹಾಕಿ ಕಾಯಲಿ, ಬೇಕಾದರೆ ನಾಳೆ ಬನ್ನಿ, ಒಂದೇ ಕಡೆಯ ಕೆಲಸಕ್ಕೆ ಮಾತ್ರ ಒಪ್ಪಬೇಡಿ.

ಟೋ ಸರಿಯಿದ್ದು ಸ್ಟೇರಿಂಗ್ ಮಾತ್ರ ಓರೆಯಿದ್ದರೆ ಎರಡೂ ಟೈ ರಾಡ್‌ಗಳನ್ನು ಸಮನಾಗಿ ಬದಲಿಸಬೇಕು: ಒಂದು ಎಷ್ಟು ಉದ್ದವಾಯಿತೋ ಇನ್ನೊಂದು ಅಷ್ಟೇ ಗಿಡ್ಡವಾಗಬೇಕು. ಯಾವ ಕಡೆ ಉದ್ದ, ಯಾವ ಕಡೆ ಗಿಡ್ಡ ಎಂಬುದು ರ‍್ಯಾಕ್ ಮುಂದಿನ ಚಕ್ರದ ನಡುಗೆರೆಗೆ ಹಿಂದಿದೆಯೋ ಮುಂದಿದೆಯೋ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಕಂಡಕಂಡ ವಿಡಿಯೊ ನೋಡಿ ಮನೆಯಂಗಳದಲ್ಲಿ ಜಾಕ್ ಕೊಟ್ಟು ಇದಕ್ಕೆ ಕೈಹಾಕಬೇಡಿ. ಕಾಲು ಸುತ್ತು ಕೂಡ ಪರದೆಯ ಮೇಲೆ ದೊಡ್ಡ ಬದಲಾವಣೆ.

ತಿರುಗಿಸುವ ಮುನ್ನ ರ‍್ಯಾಕಿನ ರಬ್ಬರ್ ಬೂಟ್‌ನ ಕ್ಲಿಪ್ ಸಡಿಲಿಸಬೇಕು. ಇಲ್ಲದಿದ್ದರೆ ಬೂಟ್ ಹುರಿಯಾಗಿ ಹರಿದು, ಒಳಗೆ ಕೆಸರು ಮಣ್ಣು ಸೇರಿ ರ‍್ಯಾಕೇ ಹಾಳಾಗುತ್ತದೆ. ಲಾಕ್ ನಟ್ ಬಿಗಿಯುವಾಗ ಟೈ ರಾಡನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದಿರಬೇಕು, ಇಲ್ಲದಿದ್ದರೆ ನಟ್ ಜೊತೆ ಅದೂ ತಿರುಗಿ ಟೋ ತಪ್ಪುತ್ತದೆ. ಪರದೆಯ ಅಂಕಿಯನ್ನು ಬಿಗಿದ ಮೇಲೆ ಓದಿ, ಬಿಗಿಯುವ ಮುಂಚಿನದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಿಂದಿನ ಚಕ್ರ ಅಳೆಯದೆ ಮುಂದಿನದನ್ನು ಸರಿಪಡಿಸಬೇಡಿ. ಸ್ವಿಫ್ಟ್, ಐ20ಯಂಥ ಸಣ್ಣ ಕಾರುಗಳ ಹಿಂಭಾಗದಲ್ಲಿ ಟಾರ್ಷನ್ ಬೀಮ್ ಇರುತ್ತದೆ. ಅಲ್ಲಿ ಟೋ ತಿರುಗಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ‘ಹಿಂದೆ ಅಡ್ಜಸ್ಟ್‌ಮೆಂಟೇ ಇಲ್ಲ, ಅಳೆದು ಏನು ಮಾಡೋದು’ ಎನ್ನುತ್ತಾರೆ. ಎತ್ತಿನ ಗಾಡಿಯ ಅಚ್ಚು ಓರೆಯಾದರೆ ಎತ್ತುಗಳು ಎಷ್ಟು ನೇರ ನಡೆದರೂ ಗಾಡಿ ಪಕ್ಕಕ್ಕೇ ಸರಿಯುತ್ತದಲ್ಲ, ಇದೂ ಹಾಗೆಯೇ. ಗುಂಡಿಗೋ ಫುಟ್‌ಪಾತಿನ ಅಂಚಿಗೋ ಬಡಿದು ಬೀಮ್ ಬಾಗಿದ್ದರೆ, ಹಿಂದಿನ ಚಕ್ರಗಳು ಕಾರನ್ನು ಓರೆಯಾಗಿ ತಳ್ಳುತ್ತವೆ, ಅದನ್ನು ತಡೆಯಲು ಮುಂದೆ ಸ್ಟೇರಿಂಗ್ ವಾಲುತ್ತದೆ. ಪ್ರಿಂಟ್‌ನಲ್ಲಿ ಥ್ರಸ್ಟ್ ಆ್ಯಂಗಲ್ ಎಂಬ ಸಾಲು ಇದನ್ನೇ ಹೇಳುತ್ತದೆ. ಅದು ಮಿತಿ ಮೀರಿದ್ದರೆ ಬೀಮ್, ಅದರ ಬುಶ್‌ಗಳನ್ನು ಪರೀಕ್ಷಿಸಿ. ಬಾಗಿದ ಬೀಮನ್ನು ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡಿಸಬೇಡಿ, ಬದಲಿಸಿ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ, ಆಮೇಲೆ ಹಣ ಕೊಡಿ. ಒಂದೆರಡು ಡಿಗ್ರಿ ಉಳಿದಿದ್ದರೆ ನಾಚಿಕೆಪಡದೆ ಮತ್ತೆ ಲಿಫ್ಟ್‌ಗೆ ಹತ್ತಿಸಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ. ಸ್ಥಿರತೆ ಕಾಯುವ ಇಎಸ್‌ಸಿ, ಲೇನ್ ಕಾಯುವ ಕ್ಯಾಮೆರಾ ಇರುವ ಕಾರಾದರೆ, ಸ್ಟೇರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರ್‌ನಿಂದ ಮತ್ತೆ ಸೊನ್ನೆಗೆ ತರಬೇಕೇ ಎಂದು ಕೇಳಿ, ಬೇಕೆಂದಾದರೆ ಅಲ್ಲೇ ಮಾಡಿಸಿ. ಮೊದಲಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟನ್ನು ಕಾರಿನ ದಾಖಲೆಗಳ ಜೊತೆಗಿಡಿ.

ಸರಿಮಾಡಿಸಿದ ಸ್ಟೇರಿಂಗ್, ಎಲ್ಲಿಯೂ ಬಡಿಯದೆ, ಕೆಲವೇ ದಿನಗಳಲ್ಲಿ ಮತ್ತೆ ಓರೆಯಾದರೆ ಲಾಕ್ ನಟ್ ಸಡಿಲವಾಗಿದೆ ಎಂದೇ ತಿಳಿಯಿರಿ. ಆ ಕಾರನ್ನು ಹೈವೇಗೆ, ಘಾಟಿಗೆ ಒಯ್ಯಬೇಡಿ. ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ತಂದು, ಅಂದೇ ಎತ್ತಿಸಿ, ಎರಡೂ ಕಡೆಯ ನಟ್‌ಗೆ ಸ್ಪ್ಯಾನರ್ ಹಾಕಿಸಿ ನೋಡಿ.