ಪುಸ್ತಕಕ್ಕೆ ಬೂಷ್ಟು ಬಂತೇ? ಗೆಲ್ಲಲು 9 ಸೂತ್ರಗಳು

ಲೈಬ್ರರಿ ಸೈನ್ಸ್ ಓದುತ್ತಿದ್ದೀರಾ? ಕಾಲೇಜಿನ ಗ್ರಂಥಾಲಯದಲ್ಲಿ ಅಸಿಸ್ಟೆಂಟ್ ಆಗಿದ್ದೀರಾ? ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಕನ್ನಡ ಸಂಘದ ಕಪಾಟಿನ ಬೀಗದ ಕೈ ನಿಮ್ಮ ಬಳಿ ಇದೆಯೇ? ಹಾಗಾದರೆ ಮುಂಬೈ ಮಳೆಗಾಲ ನಿಮಗೊಂದು ಅವಕಾಶ. 1804ರಲ್ಲಿ ಹುಟ್ಟಿದ ಏಷ್ಯಾಟಿಕ್ ಸೊಸೈಟಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ, ರಾಜಾಬಾಯಿ ಗೋಪುರದ ವಿಶ್ವವಿದ್ಯಾಲಯ ಗ್ರಂಥಾಲಯ, ಈ ದೊಡ್ಡ ಸಂಗ್ರಹಗಳೆಲ್ಲ ಕಡಲಿನ ಪಕ್ಕದಲ್ಲೇ ಇವೆ. ಬೂಷ್ಟನ್ನು ಹತೋಟಿಯಲ್ಲಿಡಬಲ್ಲ ಕೈಗಳಿಗೆ ಈ ಊರಲ್ಲಿ ಬೆಲೆ ಇದ್ದೇ ಇದೆ. ‘ಮುಂಬೈ ಹವೆಯೇ ಹೀಗೆ, ಏನೂ ಮಾಡೋಕಾಗಲ್ಲ’ ಎನ್ನುವುದು ಬರೀ ಅಭ್ಯಾಸಬಲ. ಇವತ್ತೇ ಬಿಡಿ.

1. ಮೊದಲು ಶ್ವಾಸಕೋಶ, ಆಮೇಲೆ ಪುಸ್ತಕ

ಕರ್ಚೀಫು ಕಟ್ಟಿಕೊಂಡು ಕೆಲಸಕ್ಕಿಳಿಯಬೇಡಿ. ಫಂಗಸ್‌ನ ಬೀಜಕಣಗಳು ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತವೆ. ಎನ್‌95 ಮಾಸ್ಕ್ ಮೂಗಿಗೆ ಒತ್ತಿ ಹಾಕಿ. ನೈಟ್ರೈಲ್ ಗ್ಲೌಸ್, ಕನ್ನಡಕ, ಏಪ್ರನ್ ಧರಿಸಿ. ಆ ಕೋಣೆಯಲ್ಲಿ ಚಹಾ ಕೂಡ ಬೇಡ. ಏಪ್ರನ್ ಅನ್ನು ಬಿಸಿನೀರಲ್ಲಿ ಬೇರೆಯಾಗಿ ಒಗೆಯಿರಿ. ಅಸ್ತಮಾ, ಅಲರ್ಜಿ ಇದ್ದವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ನಿಮಗೆ ಹಾಗಿದ್ದರೆ ಬಾಸ್‌ಗೆ ನೇರವಾಗಿ ಹೇಳಿ. ಹೇಳಲು ಸಂಕೋಚ ಬೇಡ, ಆರೋಗ್ಯ ಕೆಟ್ಟ ಮೇಲೆ ಯಾವ ಪ್ರಮೋಷನ್ನೂ ಉಪಯೋಗಕ್ಕೆ ಬರುವುದಿಲ್ಲ.

2. ಬಣ್ಣ ನೋಡಿ ತೀರ್ಮಾನಿಸಬೇಡಿ

2021ರಲ್ಲಿ ‘ಬ್ಲ್ಯಾಕ್ ಫಂಗಸ್’ ಸುದ್ದಿ ಕೇಳಿದ ಮೇಲೆ ರಟ್ಟಿನ ಮೇಲೆ ಕಪ್ಪು ಚುಕ್ಕೆ ಕಂಡರೂ ಜನ ಹೌಹಾರುತ್ತಾರೆ. ಬಣ್ಣದಿಂದ ಅಪಾಯ ತಿಳಿಯದು. ಬಿಳಿ, ಹಸಿರು, ಕಪ್ಪು ಎಲ್ಲಕ್ಕೂ ಒಂದೇ ಎಚ್ಚರ ಸಾಕು. ಮೆತ್ತನೆಯ ಬ್ರಷ್ಷಿನ ತುದಿಯನ್ನು ಕಲೆಗೆ ತಾಗಿಸಿ ನೋಡಿ. ಅಂಟಂಟಾಗಿ ಬಳಿದುಕೊಂಡರೆ ಬೂಷ್ಟು ಇನ್ನೂ ಬೆಳೆಯುತ್ತಿದೆ. ಒಣ ಪುಡಿಯಾಗಿ ಉದುರಿದರೆ ಸದ್ಯಕ್ಕೆ ಮಲಗಿದೆ. ತೇವ ಸಿಕ್ಕರೆ ಅದೇ ಪುಡಿ ಮತ್ತೆ ಚಿಗುರುತ್ತದೆ. ಅಂಟುತ್ತಿರುವುದನ್ನು ಉಜ್ಜಲು ಹೋಗಬೇಡಿ, ಕಾಗದದ ಒಳಕ್ಕೆ ಇಳಿಯುತ್ತದೆ. ಮೊದಲು ಒಣಗಿಸಿ.

3. ತಕ್ಷಣ ಬೇರೆ ಮಾಡಿ

ಬೂಷ್ಟು ಹಿಡಿದ ಪುಸ್ತಕವನ್ನು ಅಲ್ಲೇ ಕೊಡವಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇನ್ನೊಂದು ಕೋಣೆಗೆ ಸಾಗಿಸಿ, ಅಲ್ಲಿ ಚೀಲದಿಂದ ತೆಗೆಯಿರಿ. ಚೀಲ ಸಾಗಾಟಕ್ಕೆ ಮಾತ್ರ, ಅದರೊಳಗೆ ತೇವ ಕೂತರೆ ಬೂಷ್ಟಿಗೆ ಹಬ್ಬ. ಅಕ್ಕಪಕ್ಕದ ಪುಸ್ತಕಗಳನ್ನೂ ಒಂದೊಂದಾಗಿ ತಪಾಸಿಸಿ, ಪಟ್ಟಿ ಬರೆಯಿರಿ.

4. ನಿಮ್ಮ ಕೋಣೆಯ ತೇವ ನೀವೇ ಅಳೆಯಿರಿ

ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅವನ್ನು ಪೂರ್ತಿ ಓಡಿಸುವ ಹಟ ಬೇಡ. ಅವಕ್ಕೆ ನೀರು ಸಿಗದಂತೆ ಮಾಡಿ, ನಿಮ್ಮ ಯಶಸ್ಸಿನ ಮುಕ್ಕಾಲು ಪಾಲು ಇಲ್ಲೇ ಇದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಶೇ. 60ರ ಕೆಳಗೆ ಇಡುವುದು ನಿಮ್ಮ ಟಾರ್ಗೆಟ್. ಮಳೆಗಾಲದ ಮುಂಬೈಯಲ್ಲಿ ಹೊರಗಿನ ಗಾಳಿ ಶೇ. 80ನ್ನು ಸುಲಭವಾಗಿ ದಾಟುವುದರಿಂದ, ‘ಗಾಳಿ ಆಡಲಿ’ ಎಂದು ಮಳೆಯಲ್ಲಿ ಕಿಟಕಿ ತೆರೆಯಬೇಡಿ.

ಒಂದು ಡಿಜಿಟಲ್ ಹೈಗ್ರೋಮೀಟರ್ ತನ್ನಿ. ದುಬಾರಿಯೇನಲ್ಲ. ಹೊರಗೋಡೆಗೆ ತಾಗಿದ ಮೂಲೆಯ ಕೆಳಗಿನ ಶೆಲ್ಫಿನಲ್ಲಿಡಿ, ಬೆಳಿಗ್ಗೆ ಸಂಜೆ ಓದಿ ಬರೆದಿಡಿ. ಟಿವಿಯ ಹವಾಮಾನ ವರದಿ ಇದಕ್ಕೆ ಸಾಲದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಅದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಮಾತ್ರ. ಒಂದೇ ನಗರದಲ್ಲಿ ಇಷ್ಟು ಅಂತರ ಇರುವಾಗ, ನಿಮ್ಮ ಮೂಲೆಯ ಸ್ಥಿತಿ ಹೇಳಬಲ್ಲದ್ದು ನಿಮ್ಮ ಮೀಟರ್ ಒಂದೇ.

5. ಎ.ಸಿ.ಯನ್ನು ಆನ್-ಆಫ್ ಆಟ ಆಡಿಸಬೇಡಿ

ಹಗಲೆಲ್ಲ ಎ.ಸಿ., ಸಂಜೆ ಆರಕ್ಕೆ ಬಂದ್. ಕರೆಂಟ್ ಬಿಲ್ ಉಳಿಸುವ ಈ ಪದ್ಧತಿ ಪುಸ್ತಕಗಳಿಗೆ ಮಾರಕ. ತಣ್ಣಗಾದ ರಟ್ಟು, ಕಬ್ಬಿಣದ ಶೆಲ್ಫುಗಳ ಮೇಲೆ ರಾತ್ರಿ ನುಗ್ಗುವ ಬೆಚ್ಚನೆಯ ಒದ್ದೆ ಗಾಳಿ ನೀರಾಗಿ ಕೂರುತ್ತದೆ. 24 ಗಂಟೆ ನಡೆಸಲು ಬಜೆಟ್ ಇಲ್ಲವೇ? ವಿಪರೀತ ತಂಪು ಮಾಡಬೇಡಿ. ಡಿಹ್ಯೂಮಿಡಿಫೈಯರ್ ಮತ್ತು ಒಂದು ಫ್ಯಾನ್ ಕೇಳಿ ಪಡೆಯಿರಿ. ಡಿಹ್ಯೂಮಿಡಿಫೈಯರ್ ಡಬ್ಬಿಯಲ್ಲಿ ತುಂಬುವ ನೀರನ್ನು ದಿನಾ ಚೆಲ್ಲುವ ಡ್ಯೂಟಿ ಯಾರದ್ದೆಂದು ಬೋರ್ಡಿಗೆ ಬರೆದು ಹಚ್ಚಿ. ಡಬ್ಬಿ ತುಂಬಿದರೆ ಯಂತ್ರ ತಾನೇ ನಿಂತುಬಿಡುತ್ತದೆ.

6. ಕಪಾಟಿಗೆ ಉಸಿರಾಡಲು ಬಿಡಿ

ಸ್ಟೀಲ್ ಕಪಾಟನ್ನು ಹೊರಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಪುಸ್ತಕಗಳನ್ನು ಗಿಡಿಯಬೇಡಿ, ಬೆರಳು ತೂರುವಷ್ಟು ಸಡಿಲ ಇರಲಿ. ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೆ ಬಿಚ್ಚಿ. ಬೂಷ್ಟು ಹೆಚ್ಚಾಗಿ ಪುಸ್ತಕದ ಬೆನ್ನಿನಿಂದಲೇ ಶುರುವಾಗುತ್ತದೆ, ಗಮನಿಸಿ. ಹಳೆಯ ಬೈಂಡಿಂಗಿನ ಮೈದಾ ಅಂಟು ಅದಕ್ಕೆ ಒಳ್ಳೆಯ ಆಹಾರ. ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದದ್ದು ಇದೇ ಕಾರಣಕ್ಕೆ. ಹಾಗಾಗಿ ತಪಾಸಣೆಯಲ್ಲಿ ಮೊದಲು ಬೆನ್ನು ನೋಡಿ.

7. ಒರೆಸಬೇಡಿ, ಹೀರಿ

ಸ್ವಚ್ಛ ಮಾಡುವಾಗ ಫ್ಯಾನ್ ಆಫ್ ಇರಲಿ, ಇಲ್ಲದಿದ್ದರೆ ಬೀಜಕಣಗಳು ಇಡೀ ಹಾಲಿಗೆ ಹರಡುತ್ತವೆ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಇದೇ ತಪ್ಪು ಮಾಡುತ್ತದೆ. ಮುಂದಿನಿಂದ ಹೀರಿ ಹಿಂದಿನಿಂದ ಉಗುಳುತ್ತದೆ. ಹೆಪಾ ಫಿಲ್ಟರ್ ಇರುವುದನ್ನೇ ಬಳಸಿ. ಕೊಳವೆಯ ಬಾಯಿಗೆ ಗಾಜ್ ಬಟ್ಟೆ ಕಟ್ಟಿ, ಹರಿದ ಚೂರು ಒಳಗೆ ಹೋಗದು. ಪುಸ್ತಕವನ್ನು ಬಿಳಿ ಹಾಳೆಯ ಮೇಲಿಟ್ಟು, ಬೆನ್ನಿನಿಂದ ಅಂಚಿನ ಕಡೆಗೆ ಬ್ರಷ್ ಎಳೆಯುತ್ತ, ಎದ್ದ ಪುಡಿಯನ್ನು ಕೂಡಲೇ ಹೀರಿ. ರಟ್ಟಾದ ಮೇಲೆ ಮೂರು ಅಂಚು, ಕೊನೆಗೆ ಒಳಪುಟ. ಕಲೆ ಉಳಿದರೆ ಉಳಿಯಲಿ. ಕಲೆ ಹಬ್ಬುವುದಿಲ್ಲ, ಪುಡಿ ಹಬ್ಬುತ್ತದೆ. ಪುಟಗಳನ್ನು ಸ್ಕ್ಯಾನ್ ಮಾಡುವುದಿದ್ದರೆ ಇದೆಲ್ಲ ಮುಗಿದ ಮೇಲೆ.

8. ಮನೆಮದ್ದಿಗೂ ಮಾರಕ ಮದ್ದಿಗೂ ದೂರವಿರಿ

ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಹಸಿ ಬೇವಿನ ಎಲೆ ತನ್ನದೇ ತೇವ ತರುತ್ತದೆ. ಬ್ಲೀಚ್ ಕಾಗದದ ನಾರನ್ನೇ ತಿನ್ನುತ್ತದೆ. ಹಿಂದೆ ನಮ್ಮ ಪತ್ರಾಗಾರಗಳಲ್ಲಿ ಥೈಮಾಲ್ ಹೊಗೆ ಕೊಡುವ ರೂಢಿಯಿತ್ತು. ಅದರ ಪರಿಣಾಮ ಹೆಚ್ಚು ಕಾಲ ಉಳಿಯದು, ಕೊಟ್ಟವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಎಥಿಲೀನ್ ಆಕ್ಸೈಡ್ ಅಂತೂ ಕ್ಯಾನ್ಸರ್‌ಕಾರಕ. ಅಪರೂಪದ ಹಸ್ತಪ್ರತಿ, ತಾಳೆಗರಿ ಕೈಗೆ ಬಂದರೆ ಸ್ವಂತ ಪ್ರಯೋಗ ಬೇಡ. ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಸಂರಕ್ಷಣಾ ಕೇಂದ್ರವೇ ಇದೆ. ತಜ್ಞರನ್ನು ಕೇಳುವುದೂ ಸ್ಕಿಲ್ಲೇ.

9. ನೀರು ನುಗ್ಗಿದರೆ ಗಡಿಯಾರ ನೋಡಿ

ನೆನೆದ ಪುಸ್ತಕದಲ್ಲಿ 48ರಿಂದ 72 ಗಂಟೆಯೊಳಗೆ ಬೂಷ್ಟು ಕಾಣಿಸಿಕೊಳ್ಳುತ್ತದೆ. ಮುಂಬೈ ಸೆಕೆಯಲ್ಲಿ ಇನ್ನೂ ಬೇಗ. ಹೊಳಪಿನ ಆರ್ಟ್ ಪೇಪರ್ ಪುಸ್ತಕಗಳನ್ನು ಮೊದಲು ಎತ್ತಿ. ಒಮ್ಮೆ ಪುಟಗಳು ಅಂಟಿ ಒಣಗಿದರೆ ಆಮೇಲೆ ಬಿಡಿಸಲಾಗದು. ಪುಟಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು ಆಗಾಗ ಬದಲಿಸಿ, ಫ್ಯಾನಿನ ಗಾಳಿಗೆ ನೆರಳಲ್ಲಿ ಒಣಗಿಸಿ. ರಾಶಿ ದೊಡ್ಡದಾಗಿದ್ದರೆ ಫ್ರೀಜ್ ಮಾಡಿಸಿ. ಚಳಿ ಬೂಷ್ಟನ್ನು ಕೊಲ್ಲದಿದ್ದರೂ ತಡೆದು ನಿಲ್ಲಿಸುತ್ತದೆ, ನಿಮಗೆ ಸಮಯ ಸಿಗುತ್ತದೆ. ಸಸೂನ್ ಡಾಕ್, ತುರ್ಭೆ ಕಡೆ ಕೋಲ್ಡ್ ಸ್ಟೋರೇಜ್‌ಗಳಿವೆ. ಆಹಾರದಿಂದ ಬೇರೆಯಾಗಿ, ಎರಡು ಸುತ್ತು ಪ್ಯಾಕ್ ಮಾಡಿದ ಪುಸ್ತಕ ಇಡಲು ಒಪ್ಪುತ್ತಾರೆಯೇ ಎಂದು ಈಗಲೇ ಕೇಳಿ, ನಂಬರ್ ಬರೆದಿಡಿ.

ನಾಲ್ಕು ಜನರಿಂದ ಏನಾದೀತು ಎನ್ನಬೇಡಿ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೋ ನದಿ ಉಕ್ಕಿ ರಾಷ್ಟ್ರೀಯ ಗ್ರಂಥಾಲಯ ಮುಳುಗಿದಾಗ, ಕೆಸರಿನಿಂದ ಪುಸ್ತಕ ಎತ್ತಿದವರಲ್ಲಿ ಬಹುಪಾಲು ಕಾಲೇಜು ವಿದ್ಯಾರ್ಥಿಗಳೇ. ತಂಬಾಕು ಒಣಗಿಸುವ ಗೂಡುಗಳಲ್ಲೂ ಪುಸ್ತಕ ಒಣಗಿಸಿದರು.

ನಿಮ್ಮ ಕಪಾಟಿನಲ್ಲಿ ‘ಮೊಗವೀರ’, ‘ನೇಸರು’ ಪತ್ರಿಕೆಗಳ ಹಳೆಯ ಸಂಚಿಕೆಗಳಿರಬಹುದು, ಯಾವುದೋ ರಾತ್ರಿಶಾಲೆಯ ಸ್ಮರಣಸಂಚಿಕೆ ಇರಬಹುದು. ಮುಂಬೈ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಬೇಕಾಗುವುದು ಅವೇ. ಬೇರೆಲ್ಲೂ ಸಿಗದಂಥವಕ್ಕೆ ಕೆಂಪು ಟೇಪ್ ಅಂಟಿಸಿ ಮೇಲಿನ ಶೆಲ್ಫಿಗೆ ಏರಿಸಿ, ನೀರು ಬಂದರೆ ಮೊದಲು ಎತ್ತಬೇಕಾದದ್ದು ಅವನ್ನೇ. ಮುಂಗಾರು ಮುಂಬೈ ಮುಟ್ಟುವ ವಾಡಿಕೆಯ ದಿನ ಜೂನ್ 11. ಮೇ ಮುಗಿಯುವುದರೊಳಗೆ ಟೆರೇಸಿನ ಬಿರುಕು ಮುಚ್ಚಿಸಿ, ಮಾಸ್ಕ್ ಮತ್ತು ಬ್ಲಾಟಿಂಗ್ ಪೇಪರ್ ತಂದಿಡಿ.