ನಾಲಗೆಯ ಸಾಕ್ಷ್ಯ

ಎರಡು ವಸ್ತುಗಳ ತೂಕವನ್ನು ಹೋಲಿಸಲು ತಕ್ಕಡಿಯಿದೆ. ಉಷ್ಣತೆಯನ್ನು ಹೋಲಿಸಲು ಉಷ್ಣತಾಮಾಪಕವಿದೆ. ಎರಡು ಪಾನೀಯಗಳ ರುಚಿಯನ್ನು ಹೋಲಿಸಬೇಕಾದರೆ? ಅವುಗಳಲ್ಲಿರುವ ಆಮ್ಲವೆಷ್ಟು, ಸಕ್ಕರೆಯೆಷ್ಟು ಎಂಬುದನ್ನು ರಸಾಯನಶಾಸ್ತ್ರಜ್ಞನು ಅಳೆದು ಹೇಳಬಲ್ಲನು. ಆದರೆ ಅವು ಮನುಷ್ಯನ ಬಾಯಿಗೆ ಬೇರೆಬೇರೆಯಾಗಿ ತೋರುತ್ತವೆಯೇ ಎಂಬ ಪ್ರಶ್ನೆಗೆ ಕೊನೆಗೂ ನಾಲಗೆಯೇ ಸಾಕ್ಷಿ. ನ್ಯಾಯಾಲಯದಲ್ಲಿ ಯಾವ ಸಾಕ್ಷಿಯ ಮಾತನ್ನೂ ಪಾಟೀಸವಾಲಿಲ್ಲದೆ ಒಪ್ಪುವುದಿಲ್ಲ. ನಾಲಗೆಯನ್ನು ಪಾಟೀಸವಾಲಿಗೆ ಒಳಪಡಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಉದಾಹರಣೆಗಾಗಿ ಫ್ರಾನ್ಸ್ ದೇಶದ ಊಟದ ಮೇಜನ್ನು ಆರಿಸಿಕೊಳ್ಳೋಣ. ದ್ರಾಕ್ಷಿಯಿಂದ ತಯಾರಾದ ಮದ್ಯ, ಅಂದರೆ ವೈನು, ಅಲ್ಲಿ ಬಹುಕಾಲದಿಂದ ಊಟದ ಒಂದು ಅಂಗವಾಗಿದೆ. ಕಳೆದ ಕೆಲವು ದಶಕಗಳಿಂದ ಆ ಮೇಜಿನ ಮೇಲೆ ‘ನೈಸರ್ಗಿಕ ವೈನು’ ಎಂಬ ಹೆಸರಿನ ಸೀಸೆಗಳೂ ಕಾಣಿಸಿಕೊಳ್ಳುತ್ತಿವೆ. ಅವುಗಳ ರುಚಿ ಹೆಚ್ಚು ಸಜೀವವಾದುದು ಎನ್ನುವವರಿದ್ದಾರೆ. ಹಾಳಾದ ವೈನಿಗೆ ಇಟ್ಟ ಅಂದವಾದ ಹೆಸರದು ಎನ್ನುವವರೂ ಇದ್ದಾರೆ. ಈ ವಾದವನ್ನು ತೀರ್ಮಾನಿಸುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ಸೀಸೆಯ ಮೇಲಿನ ಹೆಸರನ್ನು ಮರೆಮಾಡಿದರೆ ಈ ಇಬ್ಬರಿಗೂ ವ್ಯತ್ಯಾಸ ಗೊತ್ತಾಗುವುದೇ?

ನೈಸರ್ಗಿಕ ವೈನು ಎಂದರೇನು?

ದ್ರಾಕ್ಷಿಯ ರಸ ಮದ್ಯವಾಗುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳಿಂದ. ಅವು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಉಂಟುಮಾಡುತ್ತವೆ. ಒಂದು ಲೀಟರು ರಸದಲ್ಲಿರುವ ಪ್ರತಿ 17 ಗ್ರಾಂ ಸಕ್ಕರೆಯಿಂದ ಸುಮಾರು ಶೇಕಡ 1ರಷ್ಟು ಮದ್ಯಸಾರ ದೊರೆಯುತ್ತದೆ. ಹಾಗಾದರೆ ಈ ಯೀಸ್ಟ್ ರಸದೊಳಕ್ಕೆ ಬರುವುದೆಲ್ಲಿಂದ? 1878ರಲ್ಲಿ ಲೂಯಿ ಪಾಸ್ತರನು ಫ್ರಾನ್ಸಿನ ಆರ್ಬ್ವಾ ಎಂಬ ಊರಿನ ಬಳಿಯ ತನ್ನ ತೋಟದಲ್ಲಿ ದ್ರಾಕ್ಷಿಬಳ್ಳಿಗಳ ಮೇಲೆ ಗಾಜಿನ ಮನೆಗಳನ್ನು ಕಟ್ಟಿಸಿದನು. ಹಣ್ಣು ಮಾಗುವುದಕ್ಕೆ ಮೊದಲೇ ಹೊರಗಿನ ಧೂಳು ಸೋಕದಂತೆ ಅವುಗಳನ್ನು ಮುಚ್ಚಿದನು. ಹೀಗೆ ಕಾಪಾಡಿದ ಹಣ್ಣಿನ ರಸ ಹುದುಗಲಿಲ್ಲ. ಬಯಲಿನಲ್ಲಿ ಮಾಗಿದ ಹಣ್ಣಿನ ರಸ ಹುದುಗಿತು. ಯೀಸ್ಟ್ ರಸದಲ್ಲಿ ತಾನಾಗಿ ಹುಟ್ಟುವುದಲ್ಲ, ಹೊರಗಿನಿಂದ ಬಂದು ಹಣ್ಣಿನ ಸಿಪ್ಪೆಯ ಮೇಲೆ ನೆಲೆಸುವುದೆಂದು ಇದರಿಂದ ತಿಳಿದುಬಂದಿತು.

ಇದಾದ ಐದು ವರ್ಷಗಳಿಗೆ, 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹಾನ್ಸೆನ್ ಎಂಬ ವಿಜ್ಞಾನಿ ಒಂದೇ ಬಗೆಯ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿ, ಬೀರಿನ ತಯಾರಿಕೆಗೆ ಒದಗಿಸಿದನು. ಮುಂದೆ ವೈನಿನ ತಯಾರಿಕೆಯಲ್ಲಿಯೂ ಇಂತಹ ಆಯ್ದ ಯೀಸ್ಟಿನ ಬಳಕೆ ಹಬ್ಬಿತು. ಬೇಡದ ಸೂಕ್ಷ್ಮಜೀವಿಗಳನ್ನು ತಡೆಯಲೂ, ಗಾಳಿ ತಾಗಿ ವೈನು ಕೆಡದಿರಲೂ ಗಂಧಕದ ಡೈ ಆಕ್ಸೈಡನ್ನು ಸೇರಿಸುವುದು ವಾಡಿಕೆಯಾಯಿತು. ಇದರಿಂದ ವೈನು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಬಗೆಯಾಗಿರುವುದು ಸಾಧ್ಯವಾಯಿತು.

ನೈಸರ್ಗಿಕ ವೈನಿನವರು ಈ ಎರಡು ಸಹಾಯಗಳನ್ನೂ ಆದಷ್ಟು ದೂರವಿಡುತ್ತಾರೆ. ಅವರು ಗುರುವೆಂದು ಗೌರವಿಸುವ ಜೂಲ್ ಶೋವೆ (1907–1989) ಬೋಜೊಲೆ ಪ್ರಾಂತದ ವೈನು ವ್ಯಾಪಾರಿ, ರಸಾಯನಶಾಸ್ತ್ರವನ್ನು ಬಲ್ಲವನು, ರುಚಿ ನೋಡುವುದರಲ್ಲಿ ಬಹು ನಿಪುಣನೆಂದು ಹೆಸರಾದವನು. ಸಿಪ್ಪೆಯ ಮೇಲಿನ ಯೀಸ್ಟಿನಿಂದಲೇ, ಗಂಧಕದ ನೆರವಿಲ್ಲದೆ, ಸ್ವಚ್ಛವಾದ ವೈನನ್ನು ತಯಾರಿಸುವುದು ಹೇಗೆಂದು ಆತನು ಶೋಧಿಸಿದನು. 2020ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಇಂತಹ ವೈನಿಗೆ ಒಂದು ನಿಯಮಾವಳಿಯನ್ನು ಒಪ್ಪಿಕೊಂಡರು. ದ್ರಾಕ್ಷಿಯನ್ನು ಸಾವಯವ ಕ್ರಮದಲ್ಲಿ ಬೆಳೆದು ಕೈಯಿಂದಲೇ ಕೊಯ್ಯಬೇಕು. ಹುದುಗುವಿಕೆ ಹಣ್ಣಿನ ಸಹಜ ಯೀಸ್ಟಿನಿಂದಲೇ ಆಗಬೇಕು. ಸಲ್ಫೈಟನ್ನು ಸೇರಿಸಿದರೂ ಅದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಸಾಮಾನ್ಯವಾದ ಕೆಂಪು ವೈನಿಗೆ ಐರೋಪ್ಯ ಒಕ್ಕೂಟದ ಮಿತಿ ಲೀಟರಿಗೆ 150 ಮಿಲಿಗ್ರಾಂ, ಬಿಳಿಯ ವೈನಿಗೆ 200 ಮಿಲಿಗ್ರಾಂ.

ಸಿಪ್ಪೆಯ ಮೇಲಿರುವುದು ಒಂದೇ ಜಾತಿಯ ಯೀಸ್ಟಲ್ಲ. ಮೊದಲು ಹಲವು ಕಾಡು ಜಾತಿಗಳು ಕೆಲಸಕ್ಕೆ ತೊಡಗುತ್ತವೆ. ಮದ್ಯಸಾರ ಹೆಚ್ಚಿದಂತೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಅದನ್ನು ತಡೆದುಕೊಳ್ಳಬಲ್ಲ ಸ್ಯಾಕರೊಮೈಸಿಸ್ ಎಂಬ ಜಾತಿ ಕೊನೆಯವರೆಗೂ ಉಳಿಯುತ್ತದೆ. ಪ್ರತಿಯೊಂದು ಜಾತಿಯೂ ತನ್ನದೇ ಆದ ವಾಸನೆಯ ವಸ್ತುಗಳನ್ನು ಬಿಟ್ಟುಹೋಗುತ್ತದೆ. ಆದುದರಿಂದ ನೈಸರ್ಗಿಕ ವೈನಿನ ರುಚಿ ತೋಟದಿಂದ ತೋಟಕ್ಕೆ, ಒಮ್ಮೊಮ್ಮೆ ಸೀಸೆಯಿಂದ ಸೀಸೆಗೆ ಬದಲಾಗುವುದರಲ್ಲಿ ಆಶ್ಚರ್ಯವಿಲ್ಲ. ಅದರ ಆಕರ್ಷಣೆಯೂ ಅಪಾಯವೂ ಇದೇ. ಕಾವಲು ಕಡಿಮೆಯಾದಲ್ಲಿ ವಿನೆಗರಿನ ಹುಳಿಯನ್ನೋ ಕುದುರೆಲಾಯದ ವಾಸನೆಯನ್ನೋ ತರುವ ಜೀವಿಗಳಿಗೂ ಅವಕಾಶ ದೊರೆಯುತ್ತದೆ.

ಬಾಯಿಯಲ್ಲಿ ನಡೆಯುವುದೇನು?

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ನಮ್ಮ ಹಿರಿಯರು ಆರು ರಸಗಳನ್ನು ಎಣಿಸಿದರು. ಇಂದಿನ ವಿಜ್ಞಾನ ನಾಲಗೆಯ ಮೂಲರುಚಿಗಳೆಂದು ಐದನ್ನು ಒಪ್ಪುತ್ತದೆ: ಸಿಹಿ, ಹುಳಿ, ಉಪ್ಪು, ಕಹಿ ಮತ್ತು 1908ರಲ್ಲಿ ಜಪಾನಿನ ಕಿಕುನೇ ಇಕೇಡ ಗುರುತಿಸಿದ ಉಮಾಮಿ. ಖಾರವೂ ಒಗರೂ ಈ ಪಟ್ಟಿಯಲ್ಲಿಲ್ಲ. ಹಾಗೆಂದು ಅವು ಸುಳ್ಳಲ್ಲ. ಖಾರವನ್ನು ತಿಳಿಸುವುದು ಉರಿಯನ್ನೂ ನೋವನ್ನೂ ತಿಳಿಸುವ ನರ; ಒಗರನ್ನು ತಿಳಿಸುವುದು ಬಹುಮಟ್ಟಿಗೆ ಸ್ಪರ್ಶ. ನಾಲಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ತೋರಿಸುವ ಹಳೆಯ ನಕ್ಷೆಯನ್ನು ವಾಚಕರು ನೋಡಿರಬಹುದು. ಅದು ತಪ್ಪು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಅರಿಯಬಲ್ಲವು.

ನೇರಳೆಹಣ್ಣನ್ನೋ ಎಳೆಯ ಅಡಿಕೆಯನ್ನೋ ಜಗಿದಾಗ ಬಾಯಿ ಬಿಗಿದುಕೊಂಡಂತಾಗುವುದು ಎಲ್ಲರಿಗೂ ಅನುಭವವೇದ್ಯ. ಕೆಂಪು ವೈನಿನ ಒಗರೂ ಇದೇ ಬಗೆಯದು. ಸಿಪ್ಪೆ ಮತ್ತು ಬೀಜಗಳಿಂದ ಬಂದ ಟ್ಯಾನಿನ್ ಎಂಬ ವಸ್ತುಗಳು ಲಾಲಾರಸದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳನ್ನು ಗಟ್ಟಿಗೊಳಿಸುತ್ತವೆ. ಬಾಯಿಯ ಜಾರುವ ಗುಣ ತಗ್ಗಿ ಒರಟುತನ ತೋರುತ್ತದೆ. ಬಿಳಿಯ ವೈನನ್ನು ಸಾಮಾನ್ಯವಾಗಿ ಸಿಪ್ಪೆಯೊಡನೆ ಹುದುಗಿಸುವುದಿಲ್ಲವಾದುದರಿಂದ ಅದರಲ್ಲಿ ಒಗರು ಕಡಿಮೆ.

ನಾವು ರುಚಿಯೆಂದು ಕರೆಯುವುದರಲ್ಲಿ ಬಹುಪಾಲು ವಾಸನೆಯೇ ಆಗಿದೆ. ಬಾಯಿಯಿಂದ ಹೊರಟ ಆವಿ ಗಂಟಲ ಹಿಂಬದಿಯಿಂದ ಮೂಗನ್ನು ಸೇರುತ್ತದೆ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದು ಆ ದಾರಿ ಮುಚ್ಚಿರುವುದರಿಂದ. ನೈಸರ್ಗಿಕ ವೈನಿನಲ್ಲಿ ಕೆಲವೊಮ್ಮೆ ಕಾಣುವ ‘ಇಲಿವಾಸನೆ’ ಎಂಬ ದೋಷ ಇದಕ್ಕೊಂದು ವಿಚಿತ್ರ ನಿದರ್ಶನ. ಲೋಟವನ್ನು ಮೂಸಿದರೆ ಅದು ತಿಳಿಯುವುದಿಲ್ಲ. ಹುಳಿಯಾದ ವೈನಿನಲ್ಲಿ ಆ ವಸ್ತುಗಳು ಆವಿಯಾಗದೆ ಅಡಗಿರುತ್ತವೆ. ಗುಟುಕು ಇಳಿದ ಮೇಲೆ ಲಾಲಾರಸದಿಂದ ಹುಳಿ ತಗ್ಗುತ್ತಲೇ ಅವು ಮೇಲೆದ್ದು ಮೂಗನ್ನು ಮುಟ್ಟುತ್ತವೆ. ಲಾಲಾರಸ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾದುದರಿಂದ ಕೆಲವರಿಗೆ ದೋಷ ಗೊತ್ತೇ ಆಗುವುದಿಲ್ಲ. ಸೋಜಿಗವೆಂದರೆ, ಈ ವಾಸನೆಗೆ ಕಾರಣವಾದ ವಸ್ತುಗಳಲ್ಲಿ ಒಂದು ಬಾಸುಮತಿ ಅಕ್ಕಿಗೆ ಪರಿಮಳವನ್ನು ಕೊಡುವ ವಸ್ತುವೇ ಆಗಿದೆ!

ತುತ್ತು ಮತ್ತು ಗುಟುಕು

ಊಟದ ಜೊತೆಗೆ ರುಚಿ ನೋಡುವಾಗ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಒಂದೇ ವೈನು ಬೇರೆಬೇರೆ ತುತ್ತುಗಳ ನಂತರ ಬೇರೆಬೇರೆಯಾಗಿ ತೋರುತ್ತದೆ. ಚೀಸಿನ ತುಂಡನ್ನು ತಿಂದು ಕೆಂಪು ವೈನನ್ನು ಸವಿದರೆ ಒಗರು ತಗ್ಗಿರುತ್ತದೆ. ಚೀಸಿನಲ್ಲಿರುವ ಹಾಲಿನ ಪ್ರೋಟೀನು ಟ್ಯಾನಿನನ್ನು ಹಿಡಿದಿಡುತ್ತದೆ. ಚಹಕ್ಕೆ ಹಾಲು ಬೆರೆಸಿದಾಗ ಒಗರು ಇಳಿಯುವುದೂ ಇದರಿಂದಲೇ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಸಿಹಿಯನ್ನು ತಿಂದ ಬಾಯಿಗೆ ಅದೇ ವೈನು ಹೆಚ್ಚು ಹುಳಿ. ಮೆಣಸಿನಕಾಯಿಯ ಖಾರದೊಡನೆ ಮದ್ಯಸಾರ ಉರಿಯನ್ನು ಹೆಚ್ಚಿಸುತ್ತದೆ. ಎರಡೂ ಒಂದೇ ನರಗ್ರಾಹಕವನ್ನು ಕೆರಳಿಸುತ್ತವೆ. ಮೀನಿನೊಡನೆ ಕೆಲವು ಕೆಂಪು ವೈನುಗಳು ಹೊಂದದಿರುವುದಕ್ಕೆ ಅವುಗಳಲ್ಲಿರುವ ಕಬ್ಬಿಣದ ಅಂಶ ಕಾರಣವೆಂದು ಜಪಾನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದರು.

ಇದರಿಂದ ಒಂದು ನಿಯಮ ಹೊರಡುತ್ತದೆ. ಒಂದು ವೈನನ್ನು ಚೀಸಿನೊಡನೆಯೂ ಇನ್ನೊಂದನ್ನು ಮಿಠಾಯಿಯೊಡನೆಯೂ ಸವಿದು ಹೋಲಿಸುವುದು ಅರ್ಥಹೀನ. ಮೊದಲು ಎರಡನ್ನೂ ಬರಿಯ ಬಾಯಿಯಲ್ಲಿ ಸವಿಯಬೇಕು. ಅನಂತರ ಒಂದೇ ತಿನಿಸಿನೊಡನೆ ಎರಡನ್ನೂ ಸವಿಯಬೇಕು. ಒಂದು ಸಲಕ್ಕೆ ಒಂದು ಅಂಶವನ್ನು ಮಾತ್ರ ಬದಲಾಯಿಸಬೇಕೆಂಬ ಪ್ರಯೋಗಶಾಲೆಯ ಸೂತ್ರ ಊಟದ ಮೇಜಿಗೂ ಸಲ್ಲುತ್ತದೆ.

ಕಣ್ಣು ಮಾಡುವ ಮೋಸ

ನಾಲಗೆ ಸತ್ಯವನ್ನೇ ನುಡಿದರೂ ಕಣ್ಣು ಅದಕ್ಕೆ ಮೊದಲೇ ತೀರ್ಪು ಕೊಟ್ಟಿರಬಹುದು. ಮೊರೋ, ಬ್ರೋಶೆ, ದ್ಯುಬೂರ್ದ್ಯೂ ಎಂಬ ಮೂವರು ಫ್ರೆಂಚ್ ಸಂಶೋಧಕರು 2001ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೋರ್ದೋ ನಗರದಲ್ಲಿ ವೈನಿನ ಶಾಸ್ತ್ರವನ್ನು ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಮೊದಲು ಒಂದು ಬಿಳಿಯ ಹಾಗೂ ಒಂದು ಕೆಂಪು ವೈನನ್ನು ಕೊಟ್ಟು ಅವುಗಳ ವಾಸನೆಯನ್ನು ವರ್ಣಿಸಲು ಹೇಳಲಾಯಿತು. ಮತ್ತೊಂದು ದಿನ ಅದೇ ಬಿಳಿಯ ವೈನನ್ನು ಎರಡು ಲೋಟಗಳಲ್ಲಿ ಕೊಡಲಾಯಿತು. ಒಂದಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಲಾಗಿತ್ತು. ಬಣ್ಣ ಬೆರೆಸಿದ ಬಿಳಿಯ ವೈನನ್ನು ವಿದ್ಯಾರ್ಥಿಗಳು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. ಅವರು ದಡ್ಡರಲ್ಲ, ಸುಳ್ಳುಗಾರರೂ ಅಲ್ಲ. ಕಣ್ಣಿನ ಸುದ್ದಿ ಮೆದುಳನ್ನು ಮೊದಲು ತಲುಪಿ ಮೂಗಿನ ಸುದ್ದಿಗೆ ಅರ್ಥವನ್ನು ಹಚ್ಚಿತು.

ಬಣ್ಣವೇ ಇಷ್ಟು ಮಾಡುವುದಾದರೆ, ಹೆಸರೂ ಬೆಲೆಯೂ ‘ನೈಸರ್ಗಿಕ’ ಎಂಬ ಪದವೂ ಎಷ್ಟು ಮಾಡಲಾರವು?

ಪಾಟೀಸವಾಲು

ಇದಕ್ಕೆ ಪರಿಹಾರವನ್ನು ಸೂಚಿಸಿದ್ದು ವೈನಲ್ಲ, ಚಹ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಹಾಲನ್ನು ಮೊದಲು ಸುರಿದರೋ ಚಹವನ್ನು ಮೊದಲು ಸುರಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದರು. ಜೊತೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ನಗಲಿಲ್ಲ, ಪರೀಕ್ಷೆಯನ್ನು ಯೋಜಿಸಿದರು. ಅದನ್ನೇ ಮಾದರಿಯಾಗಿ 1935ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಎಂಟು ಬಟ್ಟಲುಗಳು, ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ, ಕ್ರಮ ಲಾಟರಿಯಂತೆ. ಎಂಟರಿಂದ ನಾಲ್ಕನ್ನು ಆರಿಸಲು 70 ವಿಧಗಳಿವೆ. ಬರಿಯ ಊಹೆಯಿಂದ ನಾಲ್ಕನ್ನೂ ಸರಿಯಾಗಿ ಆರಿಸುವ ಸಂಭವ 70ರಲ್ಲಿ 1 ಮಾತ್ರ.

ಮನೆಯಲ್ಲಿ ಎರಡು ವೈನುಗಳನ್ನು ಹೋಲಿಸುವವರಿಗೆ ಮೂರು ಲೋಟಗಳ ಪರೀಕ್ಷೆ ಇನ್ನೂ ಸುಲಭ. ಎರಡು ಲೋಟಗಳಲ್ಲಿ ಒಂದೇ ವೈನು, ಮೂರನೆಯದರಲ್ಲಿ ಬೇರೆಯದು. ಸವಿಯುವವನು ಬೇರೆಯದನ್ನು ಗುರುತಿಸಬೇಕು. ಊಹೆಯಿಂದ ಗೆಲ್ಲುವ ಸಂಭವ 3ರಲ್ಲಿ 1. ಐದು ಸಲವೂ ಸತತವಾಗಿ ಗೆಲ್ಲುವ ಸಂಭವ 243ರಲ್ಲಿ 1. ಲೋಟಗಳನ್ನು ತುಂಬಿ ಗುರುತು ಹಾಕುವವನು ಬೇರೆ, ಸವಿಯುವವನು ಬೇರೆ ಆಗಿರಬೇಕು. ಪ್ರಮಾಣವೂ ಉಷ್ಣತೆಯೂ ಒಂದೇ ಆಗಿರಬೇಕು. ಬಣ್ಣ ಕಾಣದಂತೆ ದೀಪವನ್ನು ಮಂದಗೊಳಿಸಬೇಕು. ಗುಟುಕುಗಳ ನಡುವೆ ನೀರು, ಬ್ರೆಡ್ಡಿನ ಚೂರು. ಮಾತಿಗೆ ಮೊದಲು ಬರೆಹ. ಒಬ್ಬನು ಬಾಯಿಬಿಟ್ಟರೆ ಉಳಿದವರ ನಾಲಗೆಗಳು ಅವನನ್ನು ಹಿಂಬಾಲಿಸುತ್ತವೆ. ವ್ಯತ್ಯಾಸವಿದೆಯೆಂದು ಹೀಗೆ ಸಿದ್ಧವಾದ ಮೇಲೆಯೇ ಯಾವುದು ಹಿತವೆಂಬ ಪ್ರಶ್ನೆ. ಮೊದಲನೆಯದು ಎಲ್ಲರಿಗೂ ಸಮನಾದ ಸತ್ಯ. ಎರಡನೆಯದು ಅವರವರಿಗೆ ಬಿಟ್ಟದ್ದು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ನೈಸರ್ಗಿಕವೆಂಬ ಮಾತು ನಿರಪಾಯವೆಂಬ ಅರ್ಥವನ್ನು ಕೊಡುವುದಿಲ್ಲ. ಸಹಜ ಯೀಸ್ಟ್ ತಯಾರಿಸಿದ ಮದ್ಯಸಾರವೂ ಆಯ್ದ ಯೀಸ್ಟ್ ತಯಾರಿಸಿದ ಮದ್ಯಸಾರವೂ ಒಂದೇ ಅಣು. ಶೇಕಡ 12ರ ವೈನು 150 ಮಿಲಿಲೀಟರು ಕುಡಿದರೆ ಸುಮಾರು 14 ಗ್ರಾಂ ಮದ್ಯಸಾರ ದೇಹವನ್ನು ಸೇರುತ್ತದೆ. ಮದ್ಯಪಾನ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ನಿರ್ಣಯಿಸಿದೆ. ವೃತ್ತಿಯಿಂದ ರುಚಿ ನೋಡುವವರು ಸವಿದುದನ್ನು ನುಂಗದೆ ಉಗುಳುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಈ ಪರೀಕ್ಷೆಗೆ ಮದ್ಯ ಬೇಕಾಗಿಲ್ಲ. ನಮ್ಮ ಮನೆಗಳಲ್ಲಿರುವ ಹೆಪ್ಪು ಸಾಕು. ಮನೆಯ ಹೆಪ್ಪಿನಲ್ಲಿಯೂ ಹಲವು ಬಗೆಯ ಸೂಕ್ಷ್ಮಜೀವಿಗಳು ಒಟ್ಟಿಗೆ ಬಾಳುತ್ತವೆ. ಆ ಸಮೂಹ ಮನೆಯಿಂದ ಮನೆಗೆ ಬೇರೆಯಾಗಬಹುದು. ‘ನಮ್ಮ ಮನೆಯ ಮೊಸರಿನ ರುಚಿಯೇ ಬೇರೆ’ ಎಂದು ಹೇಳದವರು ಯಾರು? ಅದನ್ನು ಪರೀಕ್ಷಿಸಿರಿ. ಒಂದೇ ಪಾತ್ರೆಯಲ್ಲಿ ಕಾಯಿಸಿದ ಹಾಲನ್ನು ಎರಡು ಭಾಗ ಮಾಡಿ, ಎರಡು ಮನೆಗಳ ಹೆಪ್ಪನ್ನು ಒಂದೇ ಅಳತೆಯಲ್ಲಿ ಹಾಕಿ, ಒಂದೇ ಜಾಗದಲ್ಲಿ ಒಂದೇ ಹೊತ್ತು ಇಡಿರಿ. ಒಂದೇ ಪ್ರಮಾಣದ ನೀರನ್ನೂ ಉಪ್ಪನ್ನೂ ಬೆರೆಸಿ ಮಜ್ಜಿಗೆ ಮಾಡಿರಿ. ಹನ್ನೆರಡು ಮಂದಿ ಸ್ನೇಹಿತರಿಗೆ ಮೂರು ಲೋಟಗಳ ಪರೀಕ್ಷೆಯನ್ನು ಒಬ್ಬೊಬ್ಬರಿಗೇ ಒಡ್ಡಿರಿ.

ಊಹೆಯಿಂದಲೇ ಆದರೆ ಸುಮಾರು ನಾಲ್ವರು ಸರಿಯಾಗಿ ಹೇಳುವರು. ಎಂಟು ಅಥವಾ ಹೆಚ್ಚು ಮಂದಿ ಸರಿಯಾಗಿ ಹೇಳಿದರೆ, ಬರಿಯ ಊಹೆಯಿಂದ ಅಷ್ಟು ಮಂದಿ ಗೆಲ್ಲುವ ಸಂಭವ ನೂರಕ್ಕೆ 2ಕ್ಕಿಂತಲೂ ಕಡಿಮೆ. ವ್ಯತ್ಯಾಸ ನಿಜವೆಂದು ತಿಳಿಯಬಹುದು. ಏಳು ಮಂದಿಯಾದರೆ ಸಂಶಯ ಉಳಿಯುತ್ತದೆ; ಪರೀಕ್ಷೆಯನ್ನು ಇನ್ನೂ ಹೆಚ್ಚು ಜನರೊಡನೆ ಮತ್ತೆ ನಡೆಸಬೇಕು. ಅನಂತರ ಅದೇ ಮಜ್ಜಿಗೆಯನ್ನು ಉಪ್ಪಿನಕಾಯಿಯೊಡನೆ ಕೊಟ್ಟು, ಆಗಲೂ ಅವರು ಬೇರೆಯದನ್ನು ಗುರುತಿಸುವರೇ ಎಂದು ನೋಡಿರಿ. ಫಲಿತಾಂಶ ಏನೇ ಬಂದರೂ ಬರೆದಿಡಿರಿ. ನಿಮ್ಮ ಮನೆಯ ಮೊಸರು ಬೇರೆಯೆಂದು ಸಿದ್ಧವಾದರೆ, ಹೆಪ್ಪು ಹಾಕಿದವರಿಗೂ ಆ ಸಂತೋಷವನ್ನು ತಿಳಿಸಿರಿ.