ಕೆಲಸ ಕಲಿಯುವಾಗ ಕೇಳಿಬರುವ ಇಂಗ್ಲಿಷ್ ನುಡಿಗಟ್ಟುಗಳು



ನಮ್ಮ ಸಂಘಗಳ ಹೆಣ್ಣುಮಕ್ಕಳು ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ ಕೆಲಸಕ್ಕೆ ಸೇರುತ್ತಾರೆ. ತರಬೇತಿಯಲ್ಲಿ ಜೊತೆಯವರ ಇಂಗ್ಲಿಷ್ ಅರ್ಥವಾಗದಿದ್ದರೂ ನಾಚಿಕೆಯಿಂದ ‘ಗೊತ್ತಾಯ್ತು’ ಅಂತ ತಲೆಯಾಡಿಸುತ್ತಾರೆ. ಆಮೇಲೆ ಕೆಲಸ ಕೆಟ್ಟರೆ ಬೈಗುಳವೂ ಅವರಿಗೇ. ಈ ಮೂರು ಮಾತು ಕಲಿಯೋಣ.

1. ಲರ್ನ್ ದ ರೋಪ್ಸ್: ರೋಪ್ ಅಂದರೆ ಹಗ್ಗ. ಹಾಯಿಹಡಗಿಗೆ ಹೊಸದಾಗಿ ಸೇರಿದವರು ಯಾವ ಹಗ್ಗ ಯಾವುದಕ್ಕೆ ಎಂದು ಮೊದಲು ಕಲಿಯಬೇಕಿತ್ತು. ಅಲ್ಲಿಂದ ಬಂದ ಮಾತೆನ್ನುತ್ತಾರೆ. ‘ಐ ಆಮ್ ಸ್ಟಿಲ್ ಲರ್ನಿಂಗ್ ದ ರೋಪ್ಸ್’ ಅಂದರೆ, ನಾನಿನ್ನೂ ಕೆಲಸ ಕಲೀತಾ ಇದ್ದೀನಿ.

2. ಗೆಟ್ ದ ಹ್ಯಾಂಗ್ ಆಫ್ ಇಟ್: ನೇತುಹಾಕುವುದಲ್ಲ, ಕೈ ಪಳಗುವುದು. ‘ಯು ವಿಲ್ ಗೆಟ್ ದ ಹ್ಯಾಂಗ್ ಆಫ್ ಇಟ್’ ಎಂದರೆ ಧೈರ್ಯ ಹೇಳುತ್ತಿದ್ದಾರೆ. ಹಾಡ್ತಾ ಹಾಡ್ತಾ ರಾಗ ಅನ್ನುತ್ತೇವಲ್ಲ, ಹಾಗೆ.

3. ಥ್ರೋನ್ ಇನ್ ಅಟ್ ದ ಡೀಪ್ ಎಂಡ್: ಈಜು ಬಾರದವರನ್ನು ಆಳದ ನೀರಿಗೆ ನೂಕಿದ ಹಾಗೆ, ಸರಿಯಾಗಿ ಕಲಿಸದೆ ಕಷ್ಟದ ಕೆಲಸಕ್ಕೆ ಹಚ್ಚುವುದು.

ಇವು ಜೊತೆಯವರೊಡನೆ ಆಡುವ ಮಾತು, ಅರ್ಜಿಯಲ್ಲಿ ಬರೆಯುವುದು ಬೇಡ. ತಿಳಿಯದಿದ್ದರೆ ‘ಪ್ಲೀಸ್ ಶೋ ಮಿ ವನ್ಸ್ ಮೋರ್’, ಇನ್ನೊಮ್ಮೆ ತೋರಿಸಿ, ಎಂದು ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ.

ಅಭ್ಯಾಸ: ಮುಂದಿನ ವಾರದ ಸಭೆಯಲ್ಲಿ ಇಬ್ಬಿಬ್ಬರು ಎದುರುಬದುರು ಕೂತು ಈ ಮಾತುಗಳನ್ನು ಜೋರಾಗಿ ಆಡಿ ನೋಡಿ.